ತಂತಿಯ ಮೇಲಿನ ನೀಲಿ ದುಪ್ಪಟಿ

ಟೆಂಟು ಹೊತ್ತು ಬಂದವರಿಗೆ ಬಯಲಕ್ಕ ಹೇಳುತ್ತಿದ್ದ ಮೊದಲ ಮಾತು ಒಂದೇ: "ಮಲಗಿ ನೋಡಿ."

ಬಂದವರು ನಗುತ್ತಿದ್ದರು. ಕೆಲವರು ಮುಖ ಸಿಂಡರಿಸುತ್ತಿದ್ದರು. ಪೇಟೆಯಿಂದ ಹೊರಟು, ಗೋಧಿ ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ಧೂಳು ಕುಡಿದು, ಬೆವರಿ ಬಂದವರಿಗೆ ಬಾಗಿಲಲ್ಲೇ ಯಾರೋ ನೆಲದ ಮೇಲೆ ಅಂಗಾತ ಮಲಗಿ ಅಂದರೆ ಹೇಗಾಗಬೇಡ? ಆದರೆ ಬಯಲಕ್ಕ ಸೊಂಟಕ್ಕೆ ಕೈ ಕೊಟ್ಟು, ನೆಟ್ಟ ಗೂಟದ ಹಾಗೆ ನಿಂತಿರುತ್ತಿದ್ದಳು. "ಕಣ್ಣು ಚೆಂದದ ಜಾಗ ಹುಡುಕುತ್ತೆ, ಬೆನ್ನು ಒಳ್ಳೆ ಜಾಗ ಹುಡುಕುತ್ತೆ. ರಾತ್ರಿಯೆಲ್ಲ ನಿಮ್ಮ ಜೊತೆ ಇರೋದು ಬೆನ್ನು ತಾನೆ? ಅದನ್ನೇ ಕೇಳಿ."

ಅವಳ ಬಯಲಿನ ಒಂದೊಂದು ಮೂಲೆಗೂ ಒಂದೊಂದು ಸ್ವಭಾವ. ದೊಡ್ಡ ಮರದ ಅಡಿಯಲ್ಲಿ ನೆರಳಿತ್ತು, ನೆರಳಿನ ಜೊತೆ ಕೆಂಜಿಗವೂ ಇತ್ತು. ದಿಬ್ಬದ ಮೇಲೆ ನೋಟ ಚೆನ್ನ, ಗಾಳಿ ಮಾತ್ರ ಕೆಟ್ಟದ್ದು. ಗೂಟ ಸಡಿಲವಾದರೆ ಟೆಂಟು ನೆರೆಯವರ ಹೊಲದಲ್ಲಿ ಸಿಗುತ್ತಿತ್ತು. ಮನೆಯ ಹಿಂಭಾಗದ ಹುಲ್ಲು ಮಕ್ಕಳೊಂದಿಗರಿಗೆ, ನಲ್ಲಿ ಹತ್ತಿರ. ಎಲ್ಲಕ್ಕಿಂತ ಕೆಳಗೆ, ಬೇಸಿಗೆಗೆ ಒಣಗುವ ತೊರೆಯ ಪಕ್ಕದಲ್ಲಿ, ತಗ್ಗು. ಅಲ್ಲಿಯ ನೆಲದಲ್ಲಿ ಮರಳು ಬೆರೆತಿತ್ತು. ಮಲಗಿದವರ ಮೈಯ ಅಳತೆ ತೆಗೆದುಕೊಂಡು ಅಷ್ಟಕ್ಕೆ ಅಷ್ಟು ಕುಸಿದು ಕೊಡುವ ನೆಲ ಅದು. ಸೊಂಟನೋವಿನವರನ್ನು, ನಿದ್ದೆಗೆಟ್ಟವರನ್ನು ಬಯಲಕ್ಕ ಅಲ್ಲಿಗೆ ಕಳಿಸುತ್ತಿದ್ದಳು.

ತಗ್ಗಿಗೆ ಇದ್ದದ್ದು ಒಂದೇ ಕೊರತೆ. ಅದರ ಒಂದು ಮಗ್ಗುಲಿಗೆ ತೊರೆ, ಇನ್ನೊಂದು ಮಗ್ಗುಲಿಗೆ ಬದುವಿನಾಚೆ ಅಣ್ಣನ ಹೊಲ.

ಅಪ್ಪ ಹೋದ ಮೇಲೆ ಜಮೀನು ಎರಡಾಯಿತು. ಕಪ್ಪು ಮಣ್ಣು ಅಣ್ಣನಿಗೆ, ಕಲ್ಲು ನೆಲ ತಂಗಿಗೆ. "ಇದರಲ್ಲಿ ಏನ್ ಬೆಳೀತೀಯ, ಕಲ್ಲಾ?" ಎಂದು ಅಣ್ಣ ನಕ್ಕಿದ್ದ. "ಮನುಷ್ಯರನ್ನ ಮಲಗಿಸ್ತೀನಿ," ಎಂದಿದ್ದಳು ಬಯಲಕ್ಕ. ಪೇಟೆಯ ಗ್ಯಾರೇಜಿನಲ್ಲಿ ದುಡಿಯುವ ಗಂಡ ಸಂಜೆ ಬಂದು ಸಲಿಕೆ ಹಿಡಿಯುತ್ತಿದ್ದ. ಹಗಲೆಲ್ಲ ಅವಳೊಬ್ಬಳೇ ಬುಟ್ಟಿಯಲ್ಲಿ ಕಲ್ಲು ಹೊತ್ತಳು. ಹೊತ್ತ ಕಲ್ಲನ್ನೆಲ್ಲ ಬದುವಿನ ಮೇಲೆ ಸುರಿದಳು. ಬದು ದಪ್ಪವಾಯಿತು. ಅಲ್ಲೇ ಜಗಳ ಹುಟ್ಟಿತು. ಕಲ್ಲು ತನ್ನ ಕಡೆ ಉರುಳುತ್ತಿದೆ ಎಂದು ಅವನು, ನೇಗಿಲು ತನ್ನ ಕಡೆ ತೆವಳುತ್ತಿದೆ ಎಂದು ಇವಳು. ಒಂದು ದಿನ ನಾಲ್ಕು ಜನರ ಎದುರು ಅವಳ ಬಾಯಿಂದ "ಮಣ್ಣುಗಳ್ಳ" ಎಂಬ ಮಾತು ಜಾರಿತು. ಅಣ್ಣ ತಿರುಗಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ನನ್ನ ನೇಗಿಲು ನಿನ್ನ ಮಣ್ಣನ್ನ ಮುಟ್ಟಿದ್ರೆ ಕೇಳು," ಎಂದಷ್ಟೇ ಹೇಳಿ ಹೋದ. ಅದೇ ಕೊನೆಯ ಮಾತು. ಆಮೇಲೆ ದಾರಿಯಲ್ಲಿ ಎದುರಾದರೆ ಅವನು ಆಕಾಶ ನೋಡುತ್ತಿದ್ದ, ಇವಳು ಚಪ್ಪಲಿ.

ಆದರೂ ಅವರಿಬ್ಬರ ನಡುವೆ ಮಾತು ಪೂರ್ತಿ ನಿಂತಿರಲಿಲ್ಲ. ಇದು ಊರಿಗೆ ಗೊತ್ತಿರಲಿಲ್ಲ, ಅವಳ ಗಂಡನಿಗೂ ಗೊತ್ತಿರಲಿಲ್ಲ.

ಕೊಯ್ಲು ಮುಗಿದ ಮೇಲೆ ಅಣ್ಣ ಕೂಳೆ ಸುಡುತ್ತಿದ್ದ. ಬದುವಿನುದ್ದಕ್ಕೂ ತನ್ನ ಕಡೆ ಒಂದು ಸಾಲು ಉತ್ತು ಬರಿಮಣ್ಣು ಮಾಡಿಕೊಂಡೇ ಬೆಂಕಿ ಇಡುತ್ತಿದ್ದುದರಿಂದ ಬೆಂಕಿ ಈಚೆ ಬರುತ್ತಿರಲಿಲ್ಲ. ಹೊಗೆ ಮಾತ್ರ ತಗ್ಗಿನಲ್ಲಿ ಬಂದು ಮಡುಗಟ್ಟುತ್ತಿತ್ತು. ಜಗಳದ ಮೊದಲ ವರ್ಷ ತಗ್ಗಿನಲ್ಲಿದ್ದವರು ಕೆಮ್ಮಿ ಕೆಮ್ಮಿ ಎದ್ದು ಹೋದರು. ಮರುದಿನ ಬಂದ ಇನ್ನೊಂದು ಸಂಸಾರದ ಹೊದಿಕೆಗೆಂದು ಬಯಲಕ್ಕ ನೀಲಿ ದುಪ್ಪಟಿಯೊಂದನ್ನು ಒಗೆದು ಹಿತ್ತಲ ತಂತಿಗೆ ಹಾಕಿದ್ದಳು. ಎಣ್ಣೆ ಡಬ್ಬಿ ಹಿಡಿದು ಹೊಲಕ್ಕಿಳಿದ ಅಣ್ಣ ಆ ದುಪ್ಪಟಿಯನ್ನು ನೋಡಿ ನಿಂತ, ತಗ್ಗಿನ ಕಡೆ ಕಣ್ಣು ಹಾಯಿಸಿ ಟೆಂಟು ಕಂಡ, ಡಬ್ಬಿ ಎತ್ತಿಕೊಂಡು ಹಿಂದಿರುಗಿದ. ಬಯಲಕ್ಕ ಇದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ದುಪ್ಪಟಿ ಒಣಗಿದರೂ ತೆಗೆಯಲಿಲ್ಲ. ಜನ ಹೋದ ಮೇಲೆ ತೆಗೆದಳು. ಅವತ್ತೇ ಮಧ್ಯಾಹ್ನ ಹೊಲದಿಂದ ಹೊಗೆ ಎದ್ದಿತು.

ಅಂದಿನಿಂದ ಅದೇ ಕಟ್ಟಳೆ. ತಗ್ಗಿನಲ್ಲಿ ಜನ ಇದ್ದರೆ ದುಪ್ಪಟಿ ತಂತಿಯ ಮೇಲೆ. ದುಪ್ಪಟಿ ಇದ್ದರೆ ಅಣ್ಣ ಬೆಂಕಿ ಇಡುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಅವನ ಹೊಲದಿಂದ ತಗ್ಗಿನ ಟೆಂಟು ಎಲ್ಲ ಕಡೆಯಿಂದ ಕಾಣುತ್ತಿರಲಿಲ್ಲ, ದಿಬ್ಬದ ಮನೆಯ ತಂತಿ ಕಾಣುತ್ತಿತ್ತು. ಯಾರಾದರೂ ಕೇಳಿದ್ದರೆ ಬಯಲಕ್ಕ, "ನಾನ್ಯಾಕೆ ಅವನ ಜೊತೆ ಮಾತಾಡಲಿ?" ಎನ್ನುತ್ತಿದ್ದಳು. ಅದು ಸುಳ್ಳೂ ಆಗುತ್ತಿರಲಿಲ್ಲ.

ಆ ವರ್ಷ ಕೊಯ್ಲು ಮುಗಿದ ವಾರದಲ್ಲಿ ಮುದುಕ ಟೈಲರ್ ಮತ್ತು ಅವನ ಹೆಂಡತಿ ಬಂದರು.

ಟೈಲರ್ ತನ್ನ ಟೆಂಟನ್ನು ತಾನೇ ಹೊಲಿದಿದ್ದ. ಅಂಗಡಿ ಮುಚ್ಚುವಾಗ ಉಳಿದ ಗಟ್ಟಿ ಬಟ್ಟೆಯ ತುಂಡುಗಳನ್ನೆಲ್ಲ ಕೂಡಿಸಿದ್ದರಿಂದ ಅದರಲ್ಲಿ ಕಂದು, ಬೂದು, ಗೆರೆಗೆರೆ, ಒಂದು ಕಡೆ ಯಾರದೋ ಕೋಟಿನ ಒಳಜೇಬು ಕೂಡ ಇತ್ತು. ಬಾಗಿಲಿಗೆ ಜಿಪ್ಪಿಲ್ಲ, ಸಾಲಾಗಿ ಗುಂಡಿಗಳು. "ಜಿಪ್ಪನ್ನ ನಂಬಬಾರದು ತಾಯಿ. ಬೇಕಾದಾಗಲೇ ಕೈ ಕೊಡುತ್ತೆ. ಗುಂಡಿ ಮರ್ಯಾದಸ್ಥ," ಎಂದ. ವರ್ಷಗಟ್ಟಲೆ ಮಿಷನ್ ತುಳಿದು ಅವನ ಮಂಡಿಗಳು ಸವೆದಿದ್ದವು. ಹೆಂಡತಿಗೆ ಸೊಂಟ ಹಿಡಿದಿತ್ತು, ಕಿವಿಯೂ ಮಂದ. "ಡಾಕ್ಟರು ಹೇಳಿದ ಹಾಸಿಗೆಯೆಲ್ಲ ಕೊಂಡಾಯ್ತು. ಇವಳಿಗೆ ನಿದ್ದೆ ಬಂದಿಲ್ಲ, ಇವಳು ನನಗೆ ನಿದ್ದೆ ಬರೋಕೆ ಬಿಟ್ಟಿಲ್ಲ."

"ಮಲಗಿ ನೋಡಿ ಅಮ್ಮ," ಎಂದಳು ಬಯಲಕ್ಕ, ಗಟ್ಟಿಯಾಗಿ.

ಅಜ್ಜಿ ಮರದಡಿ ಮಲಗಿ ತಲೆಯಾಡಿಸಿದಳು. ದಿಬ್ಬದಲ್ಲಿ ಮಲಗಿ ಮುಖ ಕಿವುಚಿದಳು. ತಗ್ಗಿನಲ್ಲಿ ಮಲಗಿದವಳು ಏನೂ ಹೇಳಲಿಲ್ಲ. ಕಾದು ಕಾದು ಬಗ್ಗಿ ನೋಡಿದರೆ, ನಿದ್ದೆ ಹೋಗಿದ್ದಳು. ಟೈಲರ್ ಹೆಂಡತಿಯ ಪಕ್ಕದಲ್ಲಿ ಕುಕ್ಕರಿಸಲಾಗದೆ ನಿಂತೇ ಇದ್ದ. "ಎಷ್ಟು ದಿನ ಆಗಿತ್ತೋ ಇವಳು ಹಿಂಗೆ ಬಾಯಿ ತೆರೆದು ಮಲಗಿ," ಎಂದು ಪಿಸುಗುಟ್ಟಿದ, ಹೆಂಡತಿಗೆ ಕೇಳುವುದಿಲ್ಲ ಎಂಬುದನ್ನು ಮರೆತು.

ಬಯಲಕ್ಕ ಮನೆಗೆ ಹೋಗಿ ದುಪ್ಪಟಿ ತಂತಿಗೆ ಹಾಕಿದಳು.

ಮೂರನೆಯ ದಿನ ಬೆಳಿಗ್ಗೆ ನಾದಿನಿ ಬಂದಳು. ಗಂಡನ ತಂಗಿ, ಒಳ್ಳೆಯವಳು, ಆದರೆ ಅವಳ ಕೈಗೆ ಪುರುಸೊತ್ತು ಎಂಬುದು ಗೊತ್ತಿಲ್ಲ. ಯಾರ ಮನೆಗೆ ಹೋದರೂ ಮೊದಲು ಪಾತ್ರೆ ಉಜ್ಜುವವಳು. ಮಧ್ಯಾಹ್ನ ಊಟವಾದ ಮೇಲೆ ಬಯಲಕ್ಕ ಕೊಟ್ಟಿಗೆಯಲ್ಲಿ ಕುಳಿತು ಡೊಂಕಾದ ಗೂಟಗಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನೇರ ಮಾಡುತ್ತಿದ್ದಳು. ನಾದಿನಿ ಒಳಗೂ ಹೊರಗೂ ಓಡಾಡುತ್ತಿದ್ದುದು ಕಿವಿಗೆ ಬೀಳುತ್ತಿತ್ತು.

"ಅತ್ತಿಗೆ, ಒಣಗಿದ್ದನ್ನೆಲ್ಲ ಒಳಗೆ ತಂದ್ಬಿಟ್ಟೆ. ಗಾಳಿ ಏಳ್ತಿದೆ," ಎಂದು ಅವಳು ಅಲ್ಲಿಂದಲೇ ಕೂಗಿದಳು.

"ಒಳ್ಳೇದಾಯ್ತು ಬಿಡು," ಎಂದಳು ಬಯಲಕ್ಕ, ಗೂಟದ ಮೇಲೆ ಕಣ್ಣಿಟ್ಟು.

ಆ ಮಾತು ಕಿವಿಯಿಂದ ತಲೆಗೆ ಇಳಿಯಲು ಇನ್ನೊಂದು ಗೂಟದಷ್ಟು ಹೊತ್ತು ಹಿಡಿಯಿತು. ಸುತ್ತಿಗೆ ಎತ್ತಿದವಳು ಎತ್ತಿದಂತೆಯೇ ನಿಂತಳು. ಕೊಟ್ಟಿಗೆಯ ಬಾಗಿಲಿಗೆ ಬಂದು ನೋಡಿದಳು. ತಂತಿ ಬರಿದಾಗಿತ್ತು. ಕ್ಲಿಪ್ಪುಗಳು ಸಾಲಾಗಿ ಕೂತಿದ್ದವು.

ತಂತಿಯ ಆಚೆ, ದೂರದಲ್ಲಿ, ಅಣ್ಣ ಹೊಲದ ಅಂಚಿನಲ್ಲಿ ಬಗ್ಗಿದ್ದ.

"ನೀಲಿ ದುಪ್ಪಟಿ ಎಲ್ಲಿ?"

"ಮಡಚಿ ಪೆಟ್ಟಿಗೇಲಿ ಇಟ್ಟೆ ಅತ್ತಿಗೆ. ಮೂಲೆಗೆ ಮೂಲೆ ಸೇರಿಸಿ..."

"ತೆಗಿ. ತಂತಿಗೆ ಹಾಕು. ಈಗಲೇ."

"ಒಣಗಿರೋದನ್ನ..."

"ಹಾಕು ಅಂದ್ನಲ್ಲ," ಎಂದವಳು ಚಪ್ಪಲಿ ಬಿಟ್ಟು ಓಡಿದಳು.

ಇಳಿಜಾರಿನಲ್ಲಿ ಓಡುವಾಗ ಫೋನಿನ ನೆನಪಾಯಿತು. ಅಣ್ಣ ಹೊಲಕ್ಕೆ ಬರುವಾಗ ಫೋನು ಮನೆಯಲ್ಲಿಟ್ಟು ಬರುವವನು. ಟೈಲರ್, "ಫೋನು ತಂದ್ರೆ ಗಿರಾಕಿಗಳು ಟೆಂಟಿಗೂ ಬರ್ತಾರೆ," ಎಂದು ಮನೆಯಲ್ಲೇ ಬಿಟ್ಟು ಬಂದವನು. ಕೂಗೋಣವೆಂದರೆ ಅಷ್ಟು ದೂರಕ್ಕೆ ಗಂಟಲು ಸಾಲದು. ಸಾಲುತ್ತಿದ್ದರೂ, ಏನೆಂದು ಕೂಗುವುದು? ಆ ಒಂದು ಶಬ್ದ ಅವಳ ನಾಲಿಗೆಯಲ್ಲಿ ಎಷ್ಟೋ ವರ್ಷದಿಂದ ಉಪಯೋಗವಿಲ್ಲದೆ ತುಕ್ಕು ಹಿಡಿದಿತ್ತು.

ಹೊಗೆ ಎದ್ದಿತು. ಮೊದಲು ತೆಳ್ಳಗೆ, ನೇರವಾಗಿ. ಬಯಲಕ್ಕನಿಗೆ ಒಂದು ಗಳಿಗೆ ಧೈರ್ಯವೇ ಬಂತು: ಬರಿ ಹೊಗೆ, ಅಜ್ಜಿಯನ್ನು ಎಬ್ಬಿಸಿ ಮೇಲೆ ಕರೆತಂದರಾಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ನೇರವಾಗಿದ್ದ ಹೊಗೆ ಒಮ್ಮೆಲೇ ಬಗ್ಗಿ, ನೆಲ ಮೂಸುತ್ತ ತಗ್ಗಿನ ಕಡೆ ಹೊರಟಿತು. ಅದರ ಹೊಟ್ಟೆಯೊಳಗಿಂದ ಉರಿಯುವ ಹುಲ್ಲಿನೆಳೆಗಳು ಹಾರುತ್ತಿದ್ದವು. ಉತ್ತ ಸಾಲನ್ನು ದಾಟಿದವು, ಬದುವಿನ ಕಲ್ಲುಗಳನ್ನು ದಾಟಿದವು. ಅವಳ ಕಡೆಯ ಒಣಹುಲ್ಲಿನಲ್ಲಿ ಒಂದು ಕಡೆ ಚಟಪಟ ಸದ್ದಾಯಿತು, ಇನ್ನೊಂದು ಕಡೆ, ಮತ್ತೊಂದು ಕಡೆ.

ಟೈಲರ್ ಟೆಂಟಿನ ಹೊರಗಿದ್ದ. ಎರಡೂ ಕೈಯಿಂದ ಟೆಂಟಿನ ಬಟ್ಟೆ ಹಿಡಿದು ಅಲುಗಿಸುತ್ತ, "ಇವಳೇ, ಇವಳೇ," ಎನ್ನುತ್ತಿದ್ದ. ಬಯಲಕ್ಕನನ್ನು ಕಂಡವನು, "ಒಳಗಿಂದ ಗುಂಡಿ ಹಾಕ್ಕೊಂಡಿದ್ದಾಳೆ ತಾಯಿ. ನೊಣ ಬರುತ್ತೆ ಅಂತ. ಅಲುಗಿಸಿದ್ರೆ ಗಾಳಿ ಅಂದ್ಕೋತಾಳೆ," ಎಂದ. ಅವನ ಧ್ವನಿ ಅಳುವ ಅಂಚಿನಲ್ಲಿತ್ತು.

ಬಯಲಕ್ಕ ಬಾಗಿಲಿನ ಸಂದಿಯಲ್ಲಿ ಬೆರಳು ತೂರಿಸಿ ಎಳೆದಳು. ಮರ್ಯಾದಸ್ಥ ಗುಂಡಿಗಳು ಒಂದೂ ಸಡಿಲಲಿಲ್ಲ. ಹೊಗೆ ಬಂದು ಇಬ್ಬರನ್ನೂ ಟೆಂಟನ್ನೂ ಮುಚ್ಚಿತು.

"ಕತ್ತರಿ ಇದೆಯಾ?"

ಇದ್ದೇ ಇತ್ತು, ಟೈಲರ್ ಕತ್ತರಿ ಇಲ್ಲದೆ ಎಲ್ಲಿಗೆ ಹೋಗುತ್ತಾನೆ? ಅಂಗಿಯ ಜೇಬಿನಿಂದ ತೆಗೆದ. ಅವಳು ಕಸಿದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. ಬೆರಳಿನಿಂದ ತಡವಿ ಹೊಲಿಗೆಯ ಗೆರೆ ಹುಡುಕಿ, ಅದರ ಮೇಲೇ ಕತ್ತರಿ ಇಟ್ಟು ಮೇಲಿಂದ ಕೆಳಗೆ ಒಂದೇ ಎಳೆತಕ್ಕೆ ಸೀಳಿದ. ಆ ಹೊಗೆಯಲ್ಲೂ ಅವನ ಕೈ ಬಟ್ಟೆ ಕೆಡಿಸಲಿಲ್ಲ.

ಅಜ್ಜಿ ಕಣ್ಣು ಬಿಟ್ಟಳು. ಗೋಡೆ ಇದ್ದ ಕಡೆ ಗಂಡನ ಮುಖ. "ಏನಾಯ್ತು, ಚಹಾ ಆಯ್ತಾ?" ಎಂದಳು.

ಇಬ್ಬರೂ ಅವಳನ್ನು ಎತ್ತಿ ನಿಲ್ಲಿಸಿದರು. ತೊರೆಯ ಪಾತ್ರದಲ್ಲಿ ಬರಿ ಬೆಣಚುಕಲ್ಲು. ಅಲ್ಲಿಗೆ ಸೇರಿದರೆ ಬೆಂಕಿ ಮುಟ್ಟದು. ಆದರೆ ಅಲ್ಲಿಗೆ ಹೋಗುವ ದಾರಿಯೆಲ್ಲ ಮೊಣಕಾಲೆತ್ತರದ ಹುಲ್ಲು. ಅಜ್ಜಿಯ ಕಾಲು ಒಂದಡಿ ಇಟ್ಟು ಇನ್ನೊಂದಕ್ಕೆ ಯೋಚಿಸುತ್ತಿತ್ತು. ಟೈಲರಿನ ಮಂಡಿ ಪ್ರತಿ ಹೆಜ್ಜೆಗೂ ಮಡಚಿಕೊಳ್ಳುತ್ತಿತ್ತು. ಬಯಲಕ್ಕ ಎರಡೂ ಕಂಕುಳಿಗೆ ಕೈ ಕೊಟ್ಟು ಇಬ್ಬರನ್ನೂ ದಬ್ಬಿಕೊಂಡು ನಡೆದಳು. ಬೆನ್ನಿಗೆ ಬಿಸಿ ತಾಗಿತು. ತಿರುಗಿ ನೋಡಬಾರದು ಎಂದುಕೊಂಡಳು, ನೋಡಿದಳು. ಬೆಂಕಿ ಚದುರಿದ ಕಿಡಿಗಳಾಗಿ ಉಳಿದಿರಲಿಲ್ಲ. ಕೈ ಕೈ ಹಿಡಿದು ಸಾಲಾಗಿತ್ತು. ಇವರಿಗಿಂತ ಬೇಗ ನಡೆಯುತ್ತಿತ್ತು.

ಆಗ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

ಅಣ್ಣ ದಿಬ್ಬದ ಮೇಲೆ ನೀಲಿ ಬಣ್ಣ ಏರಿದ್ದನ್ನು ನೋಡಿದ್ದ. ತಡವಾಗಿ ಏರಿದ ದುಪ್ಪಟಿ ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿತ್ತು. ಹಿಂದೆ ನೇಗಿಲು ಕಟ್ಟಿಕೊಂಡೇ, ಸುಡುವ ಕೂಳೆಯ ಮೇಲೆಯೇ ಅಡ್ಡಹಾಯ್ದು ಅವನು ಬದುವಿನವರೆಗೆ ಬಂದ. ಬಂದು ನಿಂತ.

ಬದುವಿನ ಮೇಲೆ ಅವಳು ಸುರಿದ ಕಲ್ಲುಗಳು. ಅದರಾಚೆ ಅವಳ ಮಣ್ಣು. ಹೊಗೆಯ ನಡುವೆ ಅವನ ಮುಖ ಕಂಡಿತು, ಮಸಿ ಬಳಿದು, ಕಣ್ಣು ಕೆಂಪಾಗಿ. ಅವನು ನಿಂತದ್ದು ಹಟದಿಂದಲ್ಲ ಎಂದು ಬಯಲಕ್ಕನಿಗೆ ಗೊತ್ತಾಯಿತು. ಎತ್ತು ಕೂಡ ಬೇಲಿ ಕಿತ್ತ ಮೇಲೂ ಬೇಲಿಯ ಜಾಗದಲ್ಲಿ ಒಮ್ಮೆ ನಿಲ್ಲುತ್ತದೆ. ಅವನ ಕಾಲು ಬ್ರೇಕಿನ ಮೇಲೆ ತಾನಾಗಿಯೇ ಹೋಗಿತ್ತು.

"ಅಣ್ಣಾ," ಎಂದು ಕೂಗಿದಳು ಬಯಲಕ್ಕ. "ದಾಟು! ಉಳು!"

ಟ್ರ್ಯಾಕ್ಟರಿನ ಮುಂದಿನ ಗಾಲಿ ಕಲ್ಲುಗಳ ಮೇಲೆ ಹತ್ತಿತು, ಇಡೀ ಯಂತ್ರ ವಾಲಿತು, ಮಗುಚುತ್ತದೆ ಎನ್ನುವಷ್ಟರಲ್ಲಿ ಈಚೆ ಬಿತ್ತು. ನೇಗಿಲು ಇಳಿಯಿತು. ಬೆಂಕಿಗೂ ಈ ಮೂವರಿಗೂ ನಡುವೆ ಅಣ್ಣ ಅವಳ ಹುಲ್ಲನ್ನು ಬೇರುಸಹಿತ ಮಗುಚುತ್ತ ಹೋದ. ಕೊನೆ ಮುಟ್ಟಿ ತಿರುಗಿದ, ಮೊದಲ ಸಾಲಿನ ಮಗ್ಗುಲಿಗೆ ಇನ್ನೊಂದು ಸಾಲು ತಂದ. ಹೊಗೆಯಲ್ಲಿ ಒಮ್ಮೆ ಪೂರ್ತಿ ಕಾಣೆಯಾದ. ಸದ್ದು ಮಾತ್ರ ಕೇಳುತ್ತಿತ್ತು, ಆಮೇಲೆ ಸದ್ದೂ ಗೊಗ್ಗರಾಯಿತು. ಎಂಜಿನ್ನು ಕೆಮ್ಮಿತು, ನಿಲ್ಲುವಂತಾಯಿತು, ಮತ್ತೆ ಗುಡುಗಿತು. ಮೂರನೆಯ ಸಾಲಿನೊಂದಿಗೆ ಅವನು ಹೊಗೆಯಿಂದ ಹೊರಗೆ ಬಂದ.

ಬೆಂಕಿ ಬರಿಮಣ್ಣಿನ ಅಂಚಿಗೆ ಬಂದು ನಿಂತಿತು. ಆಚೆ ಬಾಗಿ ನೋಡಿತು, ನಾಲಿಗೆ ಚಾಚಿತು, ಸಿಗಲಿಲ್ಲ. ಹಾರಿದ ಕಿಡಿಗಳ ಹಿಂದೆ ಯಾರೋ ಓಡಾಡಿ ಬಡಿಯುತ್ತಿದ್ದರು: ನಾದಿನಿ. ತಂತಿಗೆ ಹಾಕಿದ ದುಪ್ಪಟಿಯನ್ನೇ ಮತ್ತೆ ಎಳೆದುಕೊಂಡು, ಬಕೆಟ್ಟಿನಲ್ಲಿ ಅದ್ದಿ, ತೊಟ್ಟಿಕ್ಕಿಸುತ್ತ ಬಂದಿದ್ದಳು. ಪುರುಸೊತ್ತಿಲ್ಲದ ಕೈಗೆ ಕೊನೆಗೂ ಅದರ ಅಳತೆಯ ಕೆಲಸ ಸಿಕ್ಕಿತ್ತು. ಎಲ್ಲ ಕಿಡಿಗಳನ್ನೂ ಬಡಿದು ಮುಗಿಸಿ ದುಪ್ಪಟಿ ಬಿಡಿಸಿದಾಗ ಅದರ ತುಂಬ ತೂತು.

ಅಜ್ಜಿಯೂ ಟೈಲರೂ ತೊರೆಯ ಕಲ್ಲುಗಳ ಮೇಲೆ ಕೂತಿದ್ದರು. ಅವನ ಕೈಯಲ್ಲಿ ಕತ್ತರಿ ಇನ್ನೂ ಇತ್ತು. ಟೆಂಟು ಅಲ್ಲೇ ನಿಂತಿತ್ತು, ಮಗ್ಗುಲು ಸೀಳಿಕೊಂಡು. ಸುಟ್ಟಿರಲಿಲ್ಲ.

ಅಣ್ಣ ಟ್ರ್ಯಾಕ್ಟರು ನಿಲ್ಲಿಸಿ ಇಳಿದ. ಇಳಿದವನಿಗೆ ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಆಕಾಶ ನೋಡೋಣವೆಂದರೆ ಹೊಗೆ.

"ದುಪ್ಪಟಿ ಇರಲಿಲ್ಲ," ಎಂದ.

"ಗೊತ್ತು."

"ಎರಡು ಸಲ ನೋಡಿದೆ. ಇರಲಿಲ್ಲ."

"ನಾನು ಯಾರಿಗೂ ಹೇಳಿರಲಿಲ್ಲ ಅಣ್ಣ. ಮನೇಲೂ ಹೇಳಿರಲಿಲ್ಲ," ಎಂದಳು ಬಯಲಕ್ಕ. ಅಷ್ಟು ಹೇಳಿ ಉತ್ತ ಮಣ್ಣಿನ ಹೆಂಟೆಯ ಮೇಲೆ ಕುಳಿತಳು. ಮಣ್ಣು ಬೆಚ್ಚಗಿತ್ತು.

"ಏನು ಹೇಳಿರಲಿಲ್ಲ?" ಎಂದು ನಾದಿನಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತೂತು ಬಿದ್ದ ದುಪ್ಪಟಿಯನ್ನು ನೋಡಿದಳು, ದಿಬ್ಬದ ಮೇಲಿನ ತಂತಿ ನೋಡಿದಳು, ಅಣ್ಣ ತಂಗಿಯರನ್ನು ನೋಡಿದಳು. "ಅಯ್ಯೋ, ನಾನು..."

"ನೀನಲ್ಲ," ಎಂದಳು ಬಯಲಕ್ಕ. "ನಿನಗೆ ಹೇಳಬೇಕಿದ್ದೋಳು ನಾನು."

"ಅದನ್ನ ಇಲ್ಲಿ ಕೊಡಮ್ಮ," ಎಂದು ಟೈಲರ್ ದುಪ್ಪಟಿಗೆ ಕೈ ಚಾಚಿದ. ಒಂದು ತೂತಿನಲ್ಲಿ ಬೆರಳಾಡಿಸಿದ. "ತೇಪೆ ಹಾಕಿ ಕೊಡ್ತೀನಿ. ದೂರದಿಂದ ನೋಡಿದ್ರೆ ನೀಲಿಯಾಗೇ ಕಾಣುತ್ತೆ. ಅಷ್ಟು ಸಾಕಲ್ವಾ?" ಅವನಿಗೆ ಎಷ್ಟು ಅರ್ಥವಾಗಿತ್ತೋ. ಮೂರು ದಿನದಿಂದ ಒಣಗಿದ ಬಟ್ಟೆಯನ್ನೇ ಒಣಗಿಸುವ ಮನೆಯನ್ನು ಒಬ್ಬ ಟೈಲರ್ ಗಮನಿಸದೆ ಇರುತ್ತಾನೆಯೇ?

ಅಜ್ಜಿ ಗಂಡನ ತೋಳು ಜಗ್ಗಿದಳು. ಅವಳ ಚಿಂತೆಯೇ ಬೇರೆ. "ಇನ್ನು ಎಲ್ಲಿ ಮಲಗೋದು?"

ತಗ್ಗು ಅರ್ಧ ಸುಟ್ಟಿತ್ತು, ಅರ್ಧ ಉತ್ತಿತ್ತು. ದಿಬ್ಬ ಆಗದು, ಮರದಡಿ ಆಗದು.

"ನನ್ನ ಕಣದ ಪಕ್ಕ ಜಾಗ ಇದೆ," ಎಂದ ಅಣ್ಣ, ಟ್ರ್ಯಾಕ್ಟರಿನ ಗಾಲಿಯನ್ನು ನೋಡುತ್ತ. "ಅಲ್ಲೂ ಇದೇ ಮರಳು ನೆಲ. ತೊರೆ ಮೊದಲು ಆ ಕಡೆ ಹರೀತಿತ್ತು ಅಂತ ಅಪ್ಪ ಹೇಳ್ತಿದ್ದ."

ಸಂಜೆಯ ಬಿಸಿಲು ಇನ್ನೂ ಇರುವಾಗ ಎಲ್ಲರೂ ಆ ಕಡೆ ನಡೆದರು. ಅಜ್ಜಿಯನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿದ್ದರು. ಬದು ಇದ್ದಲ್ಲಿ ಕಲ್ಲುಗಳು ಎರಡೂ ಕಡೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ದಾಟುವಾಗ ಬಯಲಕ್ಕ ಕೆಳಗೆ ನೋಡಲಿಲ್ಲ. ಕಣದ ಪಕ್ಕದ ನೆಲವನ್ನು ಅಣ್ಣ ಕಾಲಿನಿಂದ ಸವರಿ, "ಸಮನಾಗಿದೆ, ನೋಡು," ಎಂದ.

"ಕಾಲಿಗೇನ್ ಗೊತ್ತಾಗುತ್ತೆ?" ಎಂದಳು ಬಯಲಕ್ಕ. "ಮಲಗಿ ನೋಡು."

"ನಾನಾ?"

"ಮತ್ತೆ? ಅವರು ಆಗಲೇ ಒಂದು ದಿನಕ್ಕೆ ಸಾಕಾಗುವಷ್ಟು ಎದ್ದು ಬಿದ್ದು ಆಗಿದೆ."

ಅಣ್ಣ ಟೈಲರಿನ ಮುಖ ನೋಡಿದ, ನಾದಿನಿಯ ಮುಖ ನೋಡಿದ, ಯಾರಿಂದಲೂ ಸಹಾಯ ಬರಲಿಲ್ಲ. ಗೊಣಗುತ್ತ ಕುಳಿತ, ಮೊಣಕೈ ಊರಿದ, ಕೊನೆಗೆ ಮಸಿ ಹಿಡಿದ ಅಂಗಿಯಲ್ಲೇ ಅಂಗಾತವಾದ. ಅವನ ಎದೆ ಇನ್ನೂ ಜೋರಾಗಿ ಏರಿಳಿಯುತ್ತಿತ್ತು.

"ಒಂದು ಕಲ್ಲಿದೆ," ಎಂದ.

"ಎಲ್ಲಿ?"

"ಸೊಂಟದ ಕೆಳಗೆ. ನಿನ್ನ ಕಡೆಯಿಂದ ಬಂದಿದ್ದೇ ಇರಬೇಕು."

"ಹೊರಳು," ಎಂದಳು ಬಯಲಕ್ಕ, ಅವನ ಭುಜಕ್ಕೆ ಕೈ ಹಾಕಿ, ಮಂಡಿಯೂರಿ, ಕಲ್ಲು ಹುಡುಕುತ್ತ.